ಗೋವಿನಜೋಳಕ್ಕೆ ಕೂದಲು ಬಂದದ್ದು

ಲೋಕ ಆಗಷ್ಟೇ ಹುಟ್ಟಿತ್ತು. ನೆಲ ಇನ್ನೂ ಪೂರ್ತಿ ಆರಿರಲಿಲ್ಲ. ಬೆಟ್ಟಗಳು ಕೆಮ್ಮಿದರೆ ಬೆಂಕಿ ಬೀಳುತ್ತಿತ್ತು.

ಒಂದು ದಿನ ಒಂದು ಬೆಟ್ಟ ಬಹಳ ಹೊತ್ತು ಕೆಮ್ಮಿತು. ಬಿಸಿ ಬೂದಿ ಮಳೆಯ ಹಾಗೆ ಸುರಿಯಿತು. ಊರವರೆಲ್ಲ ಹೊಳೆ ಈಜಿ ಆಚೆ ದಡಕ್ಕೆ ಹೋದರು. ಬಾಳವ್ವ ಮಾತ್ರ ಹೋಗಲಿಲ್ಲ. ಅವಳ ಕಂದು ಹಸು ಕವಲಿಗೆ ಮುಪ್ಪಾಗಿತ್ತು, ಈಜಲು ಆಗುತ್ತಿರಲಿಲ್ಲ. ಇಬ್ಬರೂ ಒಂದು ಬಂಡೆಯ ಮರೆಗೆ ಸೇರಿದರು.

ಬೆಂಕಿ ಆರಿತು. ಕಣ್ಣು ಹಾಯುವಷ್ಟು ದೂರ ಕರಿ ನೆಲ. ಒಂದು ಹಕ್ಕಿಯ ಕೂಗಿಲ್ಲ, ಒಂದು ಒಲೆಯ ಹೊಗೆಯಿಲ್ಲ.

ಬಾಳವ್ವನ ಸೆರಗಿನ ಗಂಟಿನಲ್ಲಿ ಎರಡು ಹಿಡಿ ಹಳದಿ ಜೋಳವಿತ್ತು. ಒಂದು ಹಿಡಿ ಬಿತ್ತಿದಳು. ಮೊಳಕೆ ಗೇಣುದ್ದ ಬಂತು, ಹಳದಿಯಾಯಿತು, ಮಲಗಿಬಿಟ್ಟಿತು.

“ಯಾಕವ್ವಾ ಹಿಂಗ ಮಾಡಿದಿ?” ಎಂದು ಮಣ್ಣನ್ನು ಕೇಳಿದಳು.

“ನಾ ಏನ ಮಾಡ್ಲಿ?” ಎಂದಿತು ಮಣ್ಣು. “ಮೊನ್ನೆ ಬೆಂಕಿಯಿಂದ ಬಂದಾಕಿ ನಾನು. ಕಲ್ಲಿನ ಸತ್ವ ಐತಿ. ಆದ್ರ ನನ್ನೊಳಗ ಒಂದು ಎಲಿ ಕೊಳೆತಿಲ್ಲ, ಒಂದು ಹುಳ ಹರದಾಡಿಲ್ಲ. ನನಗೂ ಯಾರೂ ಇಲ್ಲವ್ವ.”

ಆ ಮಾತು ಬಾಳವ್ವನಿಗೆ ಚೆನ್ನಾಗಿ ತಿಳಿಯಿತು. ಅವಳು ಒಂದು ಗುಂಡಿ ತೋಡಿದಳು. ಹೊಳೆಯಂಚಿನ ಚೂರುಪಾರು ಹುಲ್ಲು ಮೇಯ್ದು ಬಂದ ಕವಲಿಯ ಸಗಣಿಯನ್ನು ದಿನವೂ ಅದಕ್ಕೆ ಹಾಕಿದಳು.

“ಗಾಳಿಯಪ್ಪಾ, ಆಚೆ ದಂಡಿಯಿಂದ ಒಣಗಿದ ಎಲಿ ತಂದು ಹಾಕೋ” ಎಂದಳು.

“ಎಲಿ ತರ್ತೀನಿ” ಎಂದಿತು ಗಾಳಿ. “ಮಂದೀನ ತರಾಕ ನನ್ನಿಂದ ಆಗೂದಿಲ್ಲ.”

ಗುಂಡಿ ತುಂಬಿತು, ಮೆಲ್ಲಗೆ ಕೊಳೆಯಿತು. ಅಷ್ಟರಲ್ಲಿ ಬೇಸಿಗೆ ಬಂತು, ಹುಲ್ಲು ಮುಗಿಯಿತು. ಕವಲಿಯ ಪಕ್ಕೆಲುಬು ಎಣಿಸುವಂತಾಯಿತು. ಬಾಳವ್ವ ಉಳಿದ ಒಂದು ಹಿಡಿ ಜೋಳವನ್ನು ಅದರ ಬಾಯಿಗೆ ಹಿಡಿದಳು.

ಕವಲಿ ಮುಖ ತಿರುಗಿಸಿತು. “ನಾ ತಿಂದ್ರ ಒಂದು ಹೊತ್ತಿಗೆ ಮುಗೀತು. ಮಣ್ಣಿಗೆ ಕೊಡು.”

ಆ ಸಂಜೆ ಅದು ಬಾಳವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿತು. ಮತ್ತೆ ಏಳಲಿಲ್ಲ.

ಬಾಳವ್ವ ಒಬ್ಬಳೇ ಎರಡು ದಿನ ಅಗೆದಳು. ಹೊಲದ ನಡುವೆ ಕವಲಿಯನ್ನು ಹೂತು, ಗುಂಡಿಯ ಗೊಬ್ಬರವನ್ನೆಲ್ಲ ಹೊಲದ ತುಂಬ ಹರಡಿದಳು. ಮೊದಲ ಮಳೆಗೆ ಆ ಒಂದು ಹಿಡಿ ಬಿತ್ತಿದಳು.

ಈ ಸಲ ಎರೆಹುಳ ಬಂದವು. ಪೈರು ಕಡುಹಸಿರಾಗಿ ಅವಳಿಗಿಂತ ಎತ್ತರ ಬೆಳೆಯಿತು. ಆದರೆ ಯಾರಿಗೆ ತೋರಿಸುವುದು? ದಿನಾ ಸಂಜೆ ಸಾಲುಗಳ ನಡುವೆ ನಡೆಯುತ್ತ, ರೂಢಿಯಂತೆ “ಕವಲೀ...” ಎಂದು ಕರೆಯುತ್ತಿದ್ದಳು. 

ಮಣ್ಣಿಗೆ ಆ ಕರೆಯನ್ನು ಕೇಳಿ ತಾಳಲಾಗಲಿಲ್ಲ. ತನ್ನೊಳಗಿದ್ದ ಕವಲಿಯ ಬಾಲದ ಕೂದಲನ್ನು ಬೇರಿಗೆ ಕೊಟ್ಟಿತು. ಬೇರು ದಂಟಿಗೆ ಕೊಟ್ಟಿತು. ದಂಟು ತೆನೆಗೆ ಕೊಟ್ಟಿತು. ಬೆಳಗಾದಾಗ ಪ್ರತಿ ತೆನೆಯ ತುದಿಯಲ್ಲೂ ಮೆತ್ತನೆಯ ಕಂದು ಕೂದಲು! ಬಾಳವ್ವ ಅದನ್ನು ಕೆನ್ನೆಗೆ ಒತ್ತಿಕೊಂಡು ಬಿಸಿಲೇರುವವರೆಗೂ ಕುಳಿತಿದ್ದಳು.

ಆ ವರ್ಷ ಯಾರೂ ಬರಲಿಲ್ಲ. ಮರುವರ್ಷ ಹಸಿರು ಕಂಡು ಒಬ್ಬೊಬ್ಬರೇ ಹೊಳೆ ದಾಟಿ ಬಂದರು. “ಯಾರದು ಈ ಜೋಳ?” ಎಂದು ಕೇಳಿದವರಿಗೆಲ್ಲ ಅವಳು, “ನಂದಲ್ಲ. ಗೋವಿನ ಜೋಳ” ಎನ್ನುತ್ತಿದ್ದಳು.

ಅದಕ್ಕೇ ಕಂದಾ, ಇವತ್ತಿಗೂ ನಾವು ಅದನ್ನು ಗೋವಿನಜೋಳ ಎನ್ನುತ್ತೇವೆ, ಮತ್ತು ನೀನು ತೆನೆ ಸುಲಿಯುವಾಗ ಬೆರಳಿಗೆ ಸುತ್ತಿಕೊಳ್ಳುತ್ತದಲ್ಲ, ಆ ಕಂದು ಎಳೆ, ಅದು ಕವಲಿಯ ಬಾಲದ ಕೂದಲು.