ಏಳನೇತ್ತೆಯವರ ಬಾವಿ

ಬಸರಿಗಟ್ಟಿಯ ಗುಡ್ಡದ ಬುಡದಲ್ಲಿ, ಕಸಬಿನ ಶಾಲೆಯ ಅಂಗಳಕ್ಕೆ ಹೊಂದಿಕೊಂಡು, ದುಂಡನೆಯ ಕಲ್ಲುಬಾವಿಯೊಂದಿದೆ. ರಸ್ತೆಯ ಫಲಕದಲ್ಲಿ 'ಏಳನೆಯ ಬಾವಿ' ಎಂದು ಬರೆದಿರುವುದರಿಂದ ಹೊಸಬರು ಉಳಿದ ಆರು ಬಾವಿಗಳನ್ನು ಹುಡುಕುತ್ತ ಗುಡ್ಡ ಸುತ್ತುವುದುಂಟು. ಊರಿನವರು ಅವರನ್ನು ಕರೆದು ಕೂರಿಸಿ, ಫಲಕ ಬರೆದವನು ಪರವೂರಿನವನು, ಅವನಿಗೆ ಹೆಸರು ಸರಿಯಾಗಿ ಕೇಳಿಸಲಿಲ್ಲ ಎನ್ನುತ್ತಾರೆ. ನಿಜವಾದ ಹೆಸರು ಏಳನೇತ್ತೆಯವರ ಬಾವಿ. ಈ ಸೀಮೆಯಲ್ಲಿ ಶಾಲೆಯ ತರಗತಿಗೆ ಇಯತ್ತೆ ಎನ್ನುವುದು ರೂಢಿ. ಏಳನೇ ಇಯತ್ತೆಯೇ ಆಡುಮಾತಿನಲ್ಲಿ ಏಳನೇತ್ತೆಯಾಗಿದೆ.

ಹಿಂದೆ ಒಮ್ಮೆ, ಊರಿಗೆ ಇನ್ನೂ ವಿದ್ಯುತ್ತು ಬಾರದಿದ್ದ ಕಾಲದಲ್ಲಿ, ಏಳನೇ ಇಯತ್ತೆಯ ಪರೀಕ್ಷೆಯೇ ಮಕ್ಕಳ ಪಾಲಿನ ತುಂಬಿದ ಹೊಳೆಯಾಗಿತ್ತು. ದಾಟಿದವರು ದಾಟಿದರು, ದಾಟಲಾರದವರು ಶಾಲೆ ಬಿಟ್ಟರು. ಹಾಗೆ ಬಿಟ್ಟವಳು ಕಳಕವ್ವ. ಲೆಕ್ಕದಲ್ಲಿ ನಪಾಸಾದ ದಿನವೇ ಅವಳ ತಾಯಿ ಪಾಟಿಯನ್ನು ತಂಗಿಗೆ ಕೊಟ್ಟು, ಎಮ್ಮೆಯ ಹಗ್ಗವನ್ನು ಇವಳ ಕೈಗಿತ್ತಳು. 'ದಡ್ಡಿ' ಎಂಬ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೆಂದರೆ, ಯಾರಾದರೂ ಹಾಗೆ ಕೂಗಿದರೆ ಓಗೊಡುತ್ತಿದ್ದಳಂತೆ. ಅದೇ ಊರಿನಲ್ಲಿ ನಬೀಸಾಬನೆಂಬ ಗೌಂಡಿಯಿದ್ದ. ಸುತ್ತಿನ ಹಳ್ಳಿಗಳ ಕಲ್ಲಿನ ಮನೆಗಳೆಲ್ಲ ಅವನ ಕೈಯವೇ. ಮಂಡಿನೋವಿನಿಂದ ಏಣಿ ಹತ್ತಲಾರದಂತಾದಾಗ, ತನ್ನ ವಿದ್ಯೆ ತನ್ನ ಜೊತೆಗೇ ಮಣ್ಣಾಗಬಾರದೆಂದು, ಪಾಳುಬಿದ್ದ ದನದ ದೊಡ್ಡಿಯಲ್ಲಿ ಶಾಲೆ ಬಿಟ್ಟ ಹತ್ತು ಮಕ್ಕಳನ್ನು ಕೂಡಿಸಿ ಕಲಿಸತೊಡಗಿದ. ದಾರಿಯಲ್ಲಿ ನಿಂತು ದಿನವೂ ನೋಡುತ್ತಿದ್ದ ಕಳಕವ್ವನನ್ನು ಅವನೇ ಕರೆದ: "ಅಲ್ಲೇ ಯಾಕ ನಿಂತಿ ಯವ್ವಾ? ಎಮ್ಮಿ ಕಟ್ಟಿ ಒಳಗ ಬಾ." ಹೀಗೆ ಅವಳು ಹನ್ನೊಂದನೆಯವಳಾದಳು. ಊರು ಮಾತ್ರ, ಏಳನೆಯದನ್ನೇ ದಾಟದವರು ಎಂದು, 'ಏಳನೇತ್ತೆಯವರ ಸಾಲಿ' ಎಂದು ನಕ್ಕಿತು. ಮೂರು ವರ್ಷ ಕಳೆದರೂ ಒಬ್ಬರೂ ಅವರಿಂದ ಒಂದು ಕೋಳಿಗೂಡನ್ನೂ ಕಟ್ಟಿಸಲಿಲ್ಲ.

ಆ ವರ್ಷದ ಮಳೆಗೆ ಊರಿನ ಕುಡಿಯುವ ನೀರಿನ ಬಾವಿ ಕುಸಿದುಬಿತ್ತು. ಹೆಂಗಸರು ಒಂದು ಹರದಾರಿ ನಡೆದು ಹಳ್ಳದ ರಾಡಿನೀರು ತರುವಂತಾಯಿತು. ಆ ನೀರು ಕುಡಿದು ಕೂಸುಗಳು ಹಾಸಿಗೆ ಹಿಡಿದವು. ಪಟ್ಟಣದ ಗುತ್ತಿಗೆದಾರ ಬೇಸಿಗೆಗೆ ಮೊದಲು ಬರಲಾಗದೆಂದ. ಮಳೆ ನಿಂತ ಮೇಲೆ ನಬೀಸಾಬ ಚಾವಡಿಗೆ ಹೋಗಿ, ತನ್ನ ಮಕ್ಕಳು ಕಟ್ಟುತ್ತಾರೆ ಎಂದ. ಊರ ಹಿರಿಯರಾದ ವಿರುಪನಗೌಡರು, "ಲೆಕ್ಕ ಬರದವರ ಕೈಯಾಗ ಊರಿನ ಬಾವಿ ಕೊಡೂದೇನೋ ಸಾಬಣ್ಣಾ?" ಎಂದರು. ಆದರೆ ಬೇರೆ ದಾರಿ ಕಾಣದೆ ಒಪ್ಪಿದರು.

ಮಣ್ಣೆತ್ತಿ, ತಳದಿಂದ ಸುತ್ತು ಸುತ್ತಾಗಿ ಕಲ್ಲಿಡುತ್ತ ಮಕ್ಕಳು ಒಂಬತ್ತನೇ ಸುತ್ತಿಗೆ ಬಂದಿದ್ದರು. ಅಂದು ಕಳಕವ್ವನ ಕಣ್ಣಿಗೆ ಕೆಳಗಿನ ನಾಲ್ಕನೇ ಸುತ್ತು ಬಿತ್ತು. ಅದು ಅವಳೇ ಇಟ್ಟದ್ದು. ಎರಡು ಬೆರಳಿನಷ್ಟು ಹೊರಗೆ ಬಂದಿತ್ತು. ಬೇರೆ ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಗೋಡೆ ನಾಲ್ಕಾರು ವರ್ಷ ನಿಂತರೂ ನಿಂತೀತು. ಹೇಳಿದರೆ ಹಳೆಯ ಹೆಸರು ಮತ್ತೆ ಹೆಗಲೇರುತ್ತದೆ, ಉಳಿದ ಹತ್ತು ಮಂದಿಯ ದುಡಿತ ಹಾಳಾಗುತ್ತದೆ. ಮಧ್ಯಾಹ್ನ ರೊಟ್ಟಿಯ ಗಂಟನ್ನು ಬಿಚ್ಚದೆ ಪಕ್ಕಕ್ಕಿಟ್ಟಳು. ಎದ್ದುಹೋಗಿ, "ಸಾಬಜ್ಜಾ, ನಾಕನೇ ಸುತ್ತು ತಪ್ಪೇತಿ. ಇಟ್ಟಾಕಿ ನಾನ," ಎಂದಳು. ನಬೀಸಾಬ ತೂಗುಗುಂಡು ಇಳಿಬಿಟ್ಟು ನೋಡಿ, "ಬಿಚ್ಚೂಣು," ಎಂದನಷ್ಟೆ. ಹದಿನೈದು ದಿನದ ಕೆಲಸವೆಂದು ಅವಳು ಅತ್ತಾಗ, "ಬಿಚ್ಚಿದ್ರ ಕಲ್ಲು ಎಲ್ಲಿ ಹೋಗ್ತಾವ ಯವ್ವಾ? ಇಲ್ಲೇ ಇರ್ತಾವ. ಮತ್ತ ಇಡೂಣು," ಎಂದ. ಶಾಲೆಯಲ್ಲಿ ಅವಳ ತಪ್ಪಿಗೆ ಬಿದ್ದದ್ದು ಕೆಂಪು ಗೀಟು. ಅಲ್ಲಿಗೆ ಎಲ್ಲ ಮುಗಿದಿತ್ತು. ತಪ್ಪನ್ನು ಬಿಚ್ಚಿ ಮತ್ತೆ ಕಟ್ಟಬಹುದೆಂದು ಅವಳಿಗೆ ಅಂದಿನವರೆಗೆ ಯಾರೂ ಹೇಳಿರಲಿಲ್ಲ.

ಕಟ್ಟಿದ್ದನ್ನು ಬಿಚ್ಚುತ್ತಿರುವ ಸುದ್ದಿ ಕೇಳಿ ಗೌಡರು ಸಿಟ್ಟಿನಿಂದ ಓಡಿಬಂದರು. ತಪ್ಪು ಹಿಡಿದವರಾರು ಎಂದು ಕೇಳಿದರು; ಮಾಡಿದವಳೇ ಹಿಡಿದಳೆಂದು ತಿಳಿದು ಬಾವಿಯ ಅಂಚಿಗೆ ಬಂದು ಆ ಸುತ್ತನ್ನು ಬಗ್ಗಿ ನೋಡಿದರು. "ತನ್ನ ತಪ್ಪು ತಾನ ಹೇಳೋರು ಕಟ್ಟಿದ್ದು ಬೀಳೂದಿಲ್ಲ. ಕಟ್ಟ್ರಿ," ಎಂದು, ರುಮಾಲು ಬಿಗಿದು ತಾವೇ ಕಲ್ಲು ಹೊತ್ತರು. ಮರುದಿನದಿಂದ ಊರೇ ಕಲ್ಲು ಹೊತ್ತಿತು. ಪುಷ್ಯಮಾಸದ ಬನದ ಹುಣ್ಣಿಮೆಯ ಹೊತ್ತಿಗೆ ಬಾವಿ ನಿಂತಿತು, ತಿಳಿನೀರು ಏರಿತು. ಬಾವಿಯ ಕಲ್ಲಿನ ಮೇಲೆ ತನ್ನ ಹೆಸರು ಬೇಡವೆಂದು ನಬೀಸಾಬ ಹಟ ಹಿಡಿದಾಗ, ಗೌಡರೇ 'ಏಳನೇತ್ತೆಯವರ ಬಾವಿ' ಎಂದು ಕೊರೆಸಿದರು. ನಗೆಯ ಮಾತಾಗಿದ್ದದ್ದು ಅಂದಿನಿಂದ ಮರ್ಯಾದೆಯ ಮಾತಾಯಿತು. ಬಾವಿಯ ಪಕ್ಕದಲ್ಲೇ ಇದ್ದ ಆ ದೊಡ್ಡಿಯ ಜಾಗವನ್ನು ಊರು ಶಾಲೆಗೆ ಬಿಟ್ಟುಕೊಟ್ಟಿತು. ನಬೀಸಾಬನ ನಂತರ ಮೂವತ್ತು ವರ್ಷ ಅಲ್ಲಿ ಕಲಿಸಿದವಳು ಕಳಕವ್ವ.

ಈಗ ಅಲ್ಲಿ ಗೌಂಡಿ ಕೆಲಸದ ಜೊತೆಗೆ ನಳದ ಕೆಲಸ, ವೈರಿಂಗು, ಹೊಲಿಗೆಯನ್ನೂ ಕಲಿಸುತ್ತಾರೆ. ನಸುಕಿನಲ್ಲಿ ಹೋದವರು ಇನ್ನೊಂದನ್ನೂ ನೋಡುತ್ತಾರೆ. ಊರಿನ ಹೆಣ್ಣುಮಗಳೊಬ್ಬಳು ಬಾವಿಯಿಂದ ಮೊದಲ ಕೊಡ ಸೇದಿ, ತನ್ನ ಮನೆಗೆ ಒಯ್ಯದೆ, ಶಾಲೆಯ ಹೊಸ್ತಿಲ ಬಳಿಯ ಮಣ್ಣಿನ ಹರವಿಗೆ ಸುರಿದು ಹೋಗುತ್ತಾಳೆ. ಇಂದು ಈ ಓಣಿಯವಳಾದರೆ ನಾಳೆ ಆ ಓಣಿಯವಳು. ಹೀಗೆ ಮಾಡಬೇಕೆಂದು ಯಾರು ಗೊತ್ತುಮಾಡಿದರೋ ಯಾರಿಗೂ ತಿಳಿಯದು. ಮನೆಮನೆಗೆ ನಳ ಬಂದು ಹದಿನೈದು ವರ್ಷವಾಯಿತು. ಕೊಡ ಒಂದು ದಿನವೂ ತಪ್ಪಿಲ್ಲ ಎನ್ನುತ್ತಾರೆ.