ಡಬ್ಬಿಯ ಮೇಲಿನ ಉದ್ದ ಪದ

"ಮೇಷ್ಟ್ರೇ, ಇಂಗ್ಲಿಷಿನ ಉದ್ದ ಪದಗಳನ್ನು ತುಂಡು ಮಾಡಿ ಓದುವುದು ಈಗ ನನಗೆ ಬರುತ್ತದೆ. ತುಂಡುಗಳ ಅರ್ಥ ಕೂಡಿಸಿದರೆ ಪದದ ಅರ್ಥವೂ ಸಿಕ್ಕಿಬಿಡುತ್ತದೆ. ಇನ್ನು ನಿಘಂಟು ಯಾಕೆ?" ಎಂದು ಹಾಲಸ್ವಾಮಿ ಕೇಳಿದ.

ಹುಚ್ಚೂರಾಯ ಮೇಷ್ಟ್ರು ಅವನ ಪುಸ್ತಕ ಮುಚ್ಚಿಸಿ ಹೇಳತೊಡಗಿದರು:

ಒಂದು ಊರಲ್ಲಿ ಅಣ್ಣ ತಮ್ಮ ಇಬ್ಬರು ಬಡಗಿಗಳಿದ್ದರು. ಅಣ್ಣನಿಗೆ ಓದು ಬರುತ್ತಿರಲಿಲ್ಲ. ತಮ್ಮ ದೊಡ್ಡವನಾದ ಮೇಲೆ ಇಂಗ್ಲಿಷ್ ಕಲಿತ. ಉದ್ದ ಪದ ಕಂಡರೆ ಅವನಿಗೆ ಹಬ್ಬ. ಇನ್‌ವಿಸಿಬಲ್ ಎಂದರೆ ಕಾಣದ್ದು, ಇನ್‌ಕಂಪ್ಲೀಟ್ ಎಂದರೆ ಮುಗಿಯದ್ದು. ಹಾಗಾಗಿ ಪದದ ಮೊದಲಲ್ಲಿ 'ಇನ್' ಬಂದರೆ 'ಅಲ್ಲ' ಎಂದೇ ಅರ್ಥ ಎಂದು ತಾನೇ ಕಂಡುಕೊಂಡಿದ್ದ. ಅಣ್ಣ ಬಂದವರಿಗೆಲ್ಲ, "ನಮ್ಮ ತಮ್ಮ ಇಂಗ್ಲಿಷ್ ಓದ್ತಾನೆ" ಎನ್ನುತ್ತಿದ್ದ.

ಒಮ್ಮೆ ಪೇಟೆಯಿಂದ ಮರಕ್ಕೆ ಬಳಿಯುವ ಹೊಸ ಪಾಲಿಶ್ ತಂದರು. ಡಬ್ಬಿಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಉದ್ದ ಪದ ಇತ್ತು.

"ಏನು ಬರೆದಿದಾರೋ?" ಎಂದ ಅಣ್ಣ.

ತಮ್ಮ ಬೆರಳಿಟ್ಟು ಓದಿದ. "ಇನ್... ಫ್ಲ್ಯಾಮ್... ಮ... ಬಲ್. ಫ್ಲೇಮ್ ಅಂದ್ರೆ ಉರಿ, ಇನ್ ಅಂದ್ರೆ ಅಲ್ಲ. ಇದಕ್ಕೆ ಬೆಂಕಿ ಹತ್ತೋದಿಲ್ಲ ಅಣ್ಣಾ."

ಅಣ್ಣ ಅಂಟು ಕಾಯಿಸುವ ಒಲೆಯ ಪಕ್ಕದಲ್ಲೇ ಡಬ್ಬಿ ತೆರೆದಿಟ್ಟುಕೊಂಡು ಕೆಲಸಕ್ಕೆ ಕೂತ. ಸ್ವಲ್ಪ ಹೊತ್ತಿಗೆ ಭಗ್ಗನೆ ಬೆಂಕಿ ಎದ್ದಿತು. ಉಳಿ ಹಿಡಿಯುವ ಕೈ ಮೊಣಕೈವರೆಗೆ ಸುಟ್ಟಿತು.

ಆಸ್ಪತ್ರೆಯಲ್ಲಿ ಡಾಕ್ಟರು ವಿಷಯ ಕೇಳಿ ತಮ್ಮನಿಗೆ ಹೇಳಿದರು: "ಉಚ್ಚಾರಕ್ಕೆ ನೀವು ಒಡೆದದ್ದು ಸರಿ. ಅರ್ಥಕ್ಕೆ 'ಇನ್' ಬೇರೆ ಮಾಡಬಾರದು. ಇನ್‌ಫ್ಲೇಮ್ ಅನ್ನೋದೇ ಒಂದು ಪದ, ಹೊತ್ತಿಸು ಅಂತ. ಅದಕ್ಕೆ 'ಏಬಲ್' ಸೇರಿದೆ. ಬೇಗ ಹೊತ್ತಿಕೊಳ್ಳುತ್ತೆ ಅಂತ ಎಚ್ಚರಿಕೆ ಬರೆದಿದ್ದಾರೆ."

ತಮ್ಮ ಮಂಚದ ಬಳಿ ನಿಂತು ಅತ್ತ. ಅಣ್ಣ ಕೇಳಿದ, "ಓದುವಾಗ ನಿನಗೆ ಅನುಮಾನ ಬಂತೇನೋ?"

"ಸ್ವಲ್ಪ ಬಂತಣ್ಣ. ಸೀಮೆಎಣ್ಣೆ ಥರ ವಾಸನೆ ಇತ್ತು."

"ಅಷ್ಟು ಹೇಳಿದ್ದರೆ ಸಾಕಿತ್ತಲ್ಲೋ" ಎಂದು ಅಣ್ಣ ಗೋಡೆಯ ಕಡೆ ಹೊರಳಿದ.

ಗಾಯ ಮಾಯಿತು, ಬೆರಳು ಮಾತ್ರ ಮಡಚಲು ಬರಲಿಲ್ಲ. ಅಣ್ಣನ ಉಳಿ ತಮ್ಮನ ಕೈಗೆ ಬಂತು. ಅಣ್ಣ ಪಕ್ಕದಲ್ಲಿ ಕೂತು ನಾಜೂಕಿನ ಕೆಲಸ ಹೇಳಿಕೊಟ್ಟ.

ಮೇಷ್ಟ್ರು ಕತೆ ನಿಲ್ಲಿಸಿದರು.

"ಆಮೇಲೆ ತಮ್ಮ ಪದ ಒಡೆಯುವುದನ್ನು ಬಿಟ್ಟುಬಿಟ್ಟನೇ?" ಎಂದು ಹಾಲಸ್ವಾಮಿ ಕೇಳಿದ.

"ಇಲ್ಲಪ್ಪ, ಒಡೆಯುತ್ತಲೇ ಇದ್ದ. ಒಡೆದ ಮೇಲೆ ಅನುಮಾನ ಉಳಿದರೆ, 'ನನಗೆ ಗೊತ್ತಿಲ್ಲ, ಕೇಳಿ ಹೇಳ್ತೀನಿ' ಅನ್ನುತ್ತಿದ್ದ."