ತಾಯಿ ಹೇಳಿದ ನೋವು

"ಗುರುಗಳೇ, ಪಾಠಗಳನ್ನೆಲ್ಲ ಪರಭಾಷೆಯಲ್ಲೇ ಕಲಿಸಿದರೆ ಮಕ್ಕಳಿಗೆ ವಿದ್ಯೆಯ ಜೊತೆಗೆ ಆ ಭಾಷೆಯೂ ಬರುತ್ತದೆಯಲ್ಲವೇ? ನನ್ನ ಶಾಲೆಯನ್ನು ಹಾಗೆಯೇ ನಡೆಸಬೇಕೆಂದಿದ್ದೇನೆ," ಎಂದು ಶಿಷ್ಯ ಕೇಳಿದ.

"ಎರಡೂ ಬರುತ್ತವೆ," ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಊರಿನಲ್ಲಿ ವೈದ್ಯರಿಲ್ಲದೆ ಅವಳ ಗಂಡ ಸತ್ತಿದ್ದ. ಅದೇ ಸಂಕಟದಲ್ಲಿ ಅವಳು ಎಂಟು ವರ್ಷದ ಒಬ್ಬಳೇ ಮಗಳನ್ನು ದೂರದ ವೈದ್ಯಶಾಲೆಗೆ ಸೇರಿಸಿ ಬಂದಳು.

ಅಲ್ಲಿಯ ಗುರು ಪಾಠವನ್ನೆಲ್ಲ ಪರಭಾಷೆಯಲ್ಲಿ ಹೇಳುತ್ತಿದ್ದ. ಬೇರನ್ನು ಕೈಗಿಟ್ಟು ಆ ಭಾಷೆಯ ಹೆಸರನ್ನು ಹೇಳುವನು. ಅರೆಯಿಸುವನು, ಮೂಸಿಸುವನು. ಮಾತು ತಾನಾಗಿ ನಾಲಗೆಗೆ ಬರುತ್ತಿತ್ತು. ಮನೆಮಾತು ಬೆರೆತರೆ ಎರಡೂ ಕೆಡುತ್ತವೆಂದು ಅದನ್ನು ಆಡಗೊಡುತ್ತಿರಲಿಲ್ಲ. ಹಬ್ಬಕ್ಕೂ ಮಕ್ಕಳನ್ನು ಮನೆಗೆ ಕಳಿಸುತ್ತಿರಲಿಲ್ಲ. ಹುಡುಗಿ ಜಾಣೆ. ಹನ್ನೆರಡು ವರ್ಷದಲ್ಲಿ ಎದೆನೋವೊಂದರಲ್ಲೇ ಒಂಬತ್ತು ಬಗೆ, ಅವಕ್ಕೆ ಆ ಭಾಷೆಯ ಒಂಬತ್ತು ಹೆಸರು, ಒಂಬತ್ತು ಮದ್ದು ಕಲಿತಳು.

ಅವಳು ಊರಿಗೆ ಮರಳಿದ ವಾರಕ್ಕೇ ತಾಯಿ ಹಾಸಿಗೆ ಹಿಡಿದಳು.

"ಏನಾಗುತ್ತಿದೆ ಅವ್ವಾ?"

"ಎದೆ ಹಿಂಡುತ್ತಿದೆ ಮಗಳೇ."

ಬಟ್ಟೆ ಹಿಂಡುವುದು ಮಗಳಿಗೆ ಗೊತ್ತಿತ್ತು. ಎದೆ ಹಿಂಡುವುದು ಆ ಒಂಬತ್ತರಲ್ಲಿ ಯಾವುದೆಂದು ತಿಳಿಯಲಿಲ್ಲ.

"ಉರಿಯುತ್ತದೆಯೇ?"

"ಉರಿಯಲ್ಲವ್ವ, ಹಿಂಡುತ್ತದೆ."

ಮಗಳ ಮುಖ ಸಪ್ಪಗಾಯಿತು. ತಾಯಿಗೆ ಅದನ್ನು ನೋಡಲಾಗಲಿಲ್ಲ. "ನೀನು ಓದಿದವಳು. ನೀನಂದದ್ದೇ ಸರಿ, ಉರಿಯೇ ಇರಬೇಕು," ಎಂದಳು. ಮಗಳು ಉರಿಗೆ ಮದ್ದು ಅರೆದು ಕೊಟ್ಟಳು. ತಾಯಿ ಕುಡಿದು, ಹಗುರಾಯಿತು ಎಂದು ನಕ್ಕಳು. ಮೂರನೆಯ ದಿನ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಮಗಳು ನೆರೆಮನೆಯ ಮುದುಕಿಯನ್ನು ಆ ಮಾತಿನ ಅರ್ಥ ಕೇಳಿದಳು. ಮುದುಕಿ ತನ್ನ ಮುಷ್ಟಿಯನ್ನು ಎದೆಯ ಮೇಲಿಟ್ಟು ಮೆಲ್ಲಗೆ ಬಿಗಿದು ತೋರಿಸಿದಳು. ನೋಡಿದೊಡನೆ ಮಗಳಿಗೆ ತಿಳಿಯಿತು. ಒಂಬತ್ತರಲ್ಲಿ ಅವಳು ಮೊದಲು ಕಲಿತದ್ದೇ ಅದು. ಅದರ ಬೇರು ಚೀಲದಲ್ಲೇ ಇತ್ತು.

ಅವಳು ಚೀಲ ಹೊತ್ತು ವೈದ್ಯಶಾಲೆಗೆ ನಡೆದಳು. ನಡೆದದ್ದನ್ನೆಲ್ಲ ಹೇಳಿ, ಚೀಲವನ್ನು ಗುರುವಿನ ಕಾಲ ಬಳಿ ಇಟ್ಟು ಹೊರಟುಹೋದಳು. ಮತ್ತೆ ಯಾರ ನಾಡಿಯನ್ನೂ ಹಿಡಿಯಲಿಲ್ಲ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಎಂಥ ಗುರು ಅವನು! ಆ ಒಂಬತ್ತು ನೋವಿಗೆ ಅವಳ ತಾಯಿ ಏನೆನ್ನುತ್ತಾಳೆ ಎಂಬುದನ್ನೂ ಹೇಳಿಕೊಡಬಾರದಿತ್ತೇ?"

ಗುರುಗಳು ಹೇಳಿದರು: "ಹೇಳಿಕೊಡಬಹುದಿತ್ತು ಮಗು, ನಾನು ಹೇಳಿಕೊಡಲಿಲ್ಲ."